ಒಂದು ಸೀರೆಯ ದೂರ

ಎಳೆ ಜಾರದಿರಲೆಂದು ಬೂದಿ ಹಚ್ಚಿದ ಬೆರಳುಗಳಲ್ಲಿ ಹಳೆಯ ಹಾಸಿನ ಒಂದು ಎಳೆ, ಹೊಸ ಹಾಸಿನ ಒಂದು ಎಳೆ ಹಿಡಿದು ಹೊಸೆಯುತ್ತಿದ್ದ ಅನಸೂಯ ಮತ್ತೆ ತಲೆ ಹಿಂದಕ್ಕೆಳೆದುಕೊಂಡಳು. ಹತ್ತಿರ ಬಗ್ಗಿದರೆ ಎಳೆಗಳೆಲ್ಲ ಕಲೆತು ಮಂಜಾಗುತ್ತಿದ್ದವು. ದೂರ ಸರಿದರೆ ಕೈ ಎಟುಕುತ್ತಿರಲಿಲ್ಲ. ಮಗ್ಗ ನಿಂತಿತ್ತು. ಸೀರೆಯ ಉದ್ದಕ್ಕೆ ಓಡುವ ಎಳೆಗಳ ಒಂದು ಹಾಸು ಮುಗಿದು ಇನ್ನೊಂದನ್ನು ಏರಿಸಿದಾಗ ಅದರ ಸಾವಿರಾರು ಎಳೆಗಳನ್ನೂ ಹೀಗೆ ಕೈಯಲ್ಲೇ ಹಳೆಯದಕ್ಕೆ ಹೊಸೆದು ಕೆಚ್ಚಬೇಕು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅದು ಅವಳ ಕೆಲಸ. ಮಗಳು ಅರುಣಾ ಕೂಸಾಗಿದ್ದಾಗ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕೆಚ್ಚಿದ್ದಳು. ಈಗ ಕಪ್ಪು ಯಾವುದು, ಮೆರೂನ್ ಯಾವುದು ಎಂದು ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿಯಬೇಕಾಗಿತ್ತು.

ತಪ್ಪಿ ಕೆಚ್ಚಿದ್ದು ಸೀರೆಯುದ್ದಕ್ಕೂ ಗೆರೆಯಾಗಿ ಬರುತ್ತಿತ್ತು. ಹೋದ ವಾರ ಅಂಗಡಿಯವರು ವಾಪಸು ಕಳಿಸಿದ ಸೀರೆ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅಂಚಿನ ಕಪ್ಪು ಎಳೆಗಳು ಮೆರೂನ್ ಒಡಲಿಗೆ ನುಗ್ಗಿದ್ದವು. ಅದನ್ನು ಅಲ್ಲಿ ನೇತುಹಾಕಿದವನು ಗಂಡ ಕೋದಂಡರಾಮಯ್ಯ.

"ಅಲ್ಲೇ ಇರ್ಲಿ. ದಿನಾ ಕಣ್ಣಿಗೆ ಬೀಳ್ಲಿ," ಎಂದಿದ್ದ. ಈಗ ಅವಳು ಕಣ್ಣುಜ್ಜಿಕೊಳ್ಳುವುದನ್ನು ನೋಡಿ, "ಮಂಜು ಮಂಜು ಅಂತ ಪ್ರಾಣ ತಿಂತೀಯಲ್ಲ, ನಾಳೆ ತೋರ್ಸೇಬಿಡಣ ನಡಿ," ಎಂದ.

ಭಾನುವಾರ ಕಲ್ಯಾಣ ಮಂಟಪದಲ್ಲಿ ಕಣ್ಣಿನ ಕ್ಯಾಂಪು. ಗೋಡೆಗೆ ಅಕ್ಷರಗಳ ಪಟ ತೂಗುಹಾಕಿ, ಅಲ್ಲಿಂದ ಆರು ಮೀಟರ್ ಗುರುತು ಮಾಡಲು ಟೇಪು ಹುಡುಕುತ್ತಿದ್ದರು.

"ಟೇಪ್ ಯಾಕೆ ಸಾರ್, ದೊಡ್ಡಬಳ್ಳಾಪುರದಾಗೆ?" ಎಂದ ಕೋದಂಡರಾಮಯ್ಯ. "ಒಂದು ಸೀರೆ ಹಾಸಿ. ರವಿಕೆ ಪೀಸು ಸೇರಿ ಹತ್ತತ್ರ ಆರು ಮೀಟ್ರು ಬತ್ತದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅನಸೂಯಳಿಗೂ ನಗು ಬಂತು.

ಅವಳು ಮೇಲಿನ ದಪ್ಪ ಅಕ್ಷರದಿಂದ ಹಿಡಿದು ಕೆಳಗಿನ ಸಣ್ಣ ಸಾಲಿನವರೆಗೆ ತಡವರಿಸದೆ ಓದಿದಳು. ಒಂದು ಕಣ್ಣು ಮುಚ್ಚಿ ಓದಿದಳು, ಇನ್ನೊಂದು ಮುಚ್ಚಿ ಓದಿದಳು.

"ಸಿಕ್ಸ್ ಬೈ ಸಿಕ್ಸ್," ಎಂದರು ಡಾಕ್ಟರು. "ಚೆನ್ನಾಗಿರೋ ಕಣ್ಣು ಆರು ಮೀಟರಿಂದ ಏನು ಓದುತ್ತೋ ಅದನ್ನ ಇವರೂ ಆರು ಮೀಟರಿಂದ್ಲೇ ಓದಿದ್ರು."

"ಅಂದ್ರೆ ಆರಕ್ಕೆ ಆರು," ಎಂದ ಕೋದಂಡರಾಮಯ್ಯ, ಪರೀಕ್ಷೆಯ ಮಾರ್ಕ್ಸು ಕೇಳಿದವನಂತೆ.

"ದೂರದ್ದು ಕಾಣುತ್ತೆ ಡಾಕ್ಟ್ರೇ," ಎಂದಳು ಅನಸೂಯ. "ಹತ್ರದ್ದೇ ಕಾಣಲ್ಲ."

"ನಲವತ್ತಾದ್ಮೇಲೆ ಎಲ್ರಿಗೂ ಹಾಗೇ ಅಮ್ಮ. ಅದನ್ನ ಅಳೆಯೋದೇ ಬೇರೆ. ಓದೋದು, ಬರೆಯೋದು, ಕಣ್ಣಿಟ್ಟು ಮಾಡೋ ಕೆಲಸ ಏನಾದ್ರೂ ಇದೆಯಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿದ. "ಏನಿಲ್ಲ ಸಾರ್. ಮನೇಲೇ ಇರ್ತಾಳೆ."

"ಹಾಗಾದ್ರೆ ಕನ್ನಡಕ ಬೇಕಿಲ್ಲ. ಮುಂದಿನೋರು ಬನ್ನಿ."

ಹಿಂದಿನವರು ಅವಳನ್ನು ಪಕ್ಕಕ್ಕೆ ಒತ್ತಿದರು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಬೂದಿ ಇತ್ತು.

ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಎದುರಿದ್ದ ಕನ್ನಡಕದ ಅಂಗಡಿಯ ಬೋರ್ಡನ್ನು ರಸ್ತೆಯ ಈಚೆಯಿಂದಲೇ ಓದಿದಳು. ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು.

"ಅಮ್ಮಾ, ನಿನ್ ಸೊಸೆ ಪಾಸು. ಆರಕ್ಕೆ ಆರು," ಎಂದು ಕೋದಂಡರಾಮಯ್ಯ ಹೊಸಿಲು ದಾಟುವ ಮೊದಲೇ ಹೇಳಿದ. "ಮಂಜಾಗಿರೋದು ಕಣ್ಣಲ್ಲ, ಮನಸ್ಸು."

ಅತ್ತೆ ಗಂಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದರು. "ನಂಗೂ ಇದೇ ವಯಸ್ಸಿಗೆ ಹಿಂಗೇ ಆಯ್ತು ಕಣೋ. ನಿಮ್ಮಪ್ಪನ ಹತ್ರ ಬೈಸ್ಕಂಡೂ ಬೈಸ್ಕಂಡೂ ಸಾಕಾಯ್ತು. ಕೆಚ್ಚೋಕೆ ಒಬ್ಳು ಬೇಕು ಅಂತ್ಲೇ ಅಲ್ವಾ ನಿಂಗೆ ಅಷ್ಟು ಬೇಗ ಮದ್ವೆ ಮಾಡಿದ್ದು?"

ಅನಸೂಯ ಅತ್ತೆಯನ್ನೇ ನೋಡಿದಳು. ಈ ಮಾತನ್ನು ಅವಳು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಆಗ ಜಾತಕ ಕೂಡಿತು, ಹುಡುಗಿ ಲಕ್ಷಣವಾಗಿದ್ದಾಳೆ ಎಂದಿದ್ದರು.

"ಹಂಗಾದ್ರೆ ಈಗ ಅರುಣಾ ಇದಾಳಲ್ಲ," ಎಂದ ಕೋದಂಡರಾಮಯ್ಯ. "ಎಳೇ ಕಣ್ಣು. ಒಂಬತ್ತನೇ ಕ್ಲಾಸ್ ತನಕ ಓದಿದ್ದು ಸಾಕು. ನಾಳೆಯಿಂದ ಕೆಚ್ಚೋಕೆ ಕೂತ್ಕೊಳ್ಲಿ."

ಮೂಲೆಯಲ್ಲಿ ಪೆನ್ನಿಗೆ ಇಂಕು ತುಂಬುತ್ತಿದ್ದ ಅರುಣಾ ತಲೆಯೆತ್ತಿ ಅಮ್ಮನ ಕಡೆ ನೋಡಿದಳು. ಇಂಕು ಹೆಬ್ಬೆರಳಿನ ಮೇಲೆ ಹರಿಯಿತು.

ಮಧ್ಯಾಹ್ನ ಗಂಡ ಮಲಗಿದ್ದಾಗ ಅವನ ಕನ್ನಡಕ ಪೇಪರಿನ ಮೇಲಿತ್ತು. ಪೇಪರ್ ಓದಲೆಂದು ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಮಾಡಿಸಿದ್ದು. ಅನಸೂಯ ಅದನ್ನು ಹಾಕಿಕೊಂಡು ಮಗ್ಗದ ಬಳಿ ಕೂತಳು. ಮಂಜು ಹರಿದುಹೋಯಿತು. ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ಬೇರೆ ಬೇರೆ ಬಣ್ಣವಾಗಿ ನಿಂತಿತು. ಇಷ್ಟೇ ಆಗಿತ್ತು. ಇಷ್ಟಕ್ಕೇ ಅವಳು ಗಂಡನ ಬಾಯಲ್ಲಿ ಸೋಮಾರಿಯಾಗಿದ್ದಳು, ಮನಸ್ಸಿಲ್ಲದವಳಾಗಿದ್ದಳು. ಒಂದು ಸೀರೆಯ ದೂರದಲ್ಲಿ ನಿಂತು ಸೀರೆ ನೋಡುವವರು ಕೊಳ್ಳುವವರು. ಅವಳನ್ನು ಅಲ್ಲಿ ನಿಲ್ಲಿಸಿ ಅಳೆದರು. ಅವಳು ಕೂರುವ ಗೇಣು ದೂರವನ್ನು ಅಳೆಯಲು ಬಂದವರಿಗೆ, ಆ ಜಾಗದಲ್ಲಿ ಯಾರೂ ಕೂರುವುದೇ ಇಲ್ಲ ಎಂದು ಗಂಡ ಹೇಳಿ ಕಳಿಸಿದ.

ಕನ್ನಡಕವನ್ನು ಮೊದಲಿದ್ದಂತೆಯೇ ಮಡಿಸಿಟ್ಟಳು.

ಸೋಮವಾರ ಬೆಳಿಗ್ಗೆ ಕೋದಂಡರಾಮಯ್ಯ ನೂಲು ತರಲು ಹೋದ ಮೇಲೆ ಅವಳು ಅರುಣಾಳ ಎರಡೂ ಜಡೆ ಬಿಗಿಯಾಗಿ ಹೆಣೆದು ರಿಬ್ಬನ್ ಕಟ್ಟಿದಳು.

"ಅಪ್ಪ ಬೈದ್ರೆ?"

"ಬೆಲ್ ಹೊಡೀತಾರೆ, ನಡಿ."

ಮಗಳು ಬೀದಿ ತಿರುಗುವವರೆಗೆ ನಿಂತಿದ್ದು, ಒಳಗೆ ಬಂದು ಮೊಳೆಯ ಮೇಲಿನ ಸೀರೆ ತೆಗೆದು ಉಟ್ಟಳು.

"ಅಯ್ಯೋ, ಅದ್ಯಾಕೆ ಉಟ್ಕಂಡೆ?" ಎಂದರು ಗಂಗಲಕ್ಷ್ಮಮ್ಮ. "ಗೆರೆ ಎದ್ದು ಕಾಣ್ತದೆ ಕಣೇ."

"ಕಾಣ್ಲಿ ಬಿಡಿ ಅತ್ತೆ."

"ಎಲ್ಲಿಗೆ ಹೊರಟೆ?"

"ಇಲ್ಲೇ. ಬಂದ್ಬಿಡ್ತೀನಿ."

ಕೈಯಲ್ಲಿ ಚೀಲವಿರಲಿಲ್ಲ. ಮಗ್ಗದ ಬಳಿ ಬಗ್ಗಿ, ಕೆಚ್ಚದೆ ಉಳಿದಿದ್ದ ಹಾಸಿನಿಂದ ಒಂದು ಕಪ್ಪು ಎಳೆ, ಒಂದು ಮೆರೂನ್ ಎಳೆ ಹರಿದುಕೊಂಡಳು. ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬೀದಿಗೆ ಇಳಿದು ಕನ್ನಡಕದ ಅಂಗಡಿಯ ದಾರಿ ಹಿಡಿದಳು.