ಪೊದೆಯ ನೆತ್ತಿ

ಹೊಸ ಮನೆಗಳ ಜಾಗಕ್ಕೆ ಗುರುತು ಹಾಕಲು ಬಂದವಳ ಬೂಟಿನೊಳಗೆ ಕಡಲ ನೀರು ಹೊಕ್ಕಿತು. ಕರಾವಳಿ ಉದ್ಯಾನದ ಈ ಮೂಲೆಯನ್ನು ಅವಳೇ ಮಾಡಿದ ನಕ್ಷೆ ಎತ್ತರದ ನೆಲವೆಂದು ತೋರಿಸಿತ್ತು. ಸಮುದ್ರ ಎಷ್ಟೇ ಏರಲಿ, ಇಲ್ಲಿಗೆ ಮಾತ್ರ ನೀರು ಬರುವುದಿಲ್ಲವಂತೆ. ಪೊದೆಯೊಳಗೆ ಅಳತೆಕೋಲು ಊರಿದಳು. ನಕ್ಷೆ ಹೇಳಿದ್ದಕ್ಕಿಂತ ನೆಲ ಆರಡಿ ಕೆಳಗಿತ್ತು.

ತನ್ನ ಮೇಲೇ ಮೈಯೆಲ್ಲ ಉರಿದುಹೋಯಿತು. ವಿಮಾನದಿಂದ ಕಿರಣ ಬಿಟ್ಟು ಎತ್ತರ ಅಳೆಯುವಾಗ, ದಟ್ಟ ಪೊದೆಯಿದ್ದರೆ ಕಿರಣ ನೆಲ ಮುಟ್ಟದೆ ಎಲೆಯಿಂದಲೇ ಹಿಂದಿರುಗುತ್ತದೆ. ಅಂಥ ಕಡೆ ನಡೆದು ಹೋಗಿ ಕೋಲು ಊರಬೇಕು. ಮೇಲಧಿಕಾರಿ ಅವಸರ ಮಾಡಿದನೆಂದು ಈ ಮಹಾತಾಯಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಪೊದೆಯ ನೆತ್ತಿಯನ್ನೇ ನೆಲವೆಂದು ಬರೆದಿದ್ದಳು. ಅದನ್ನು ನಂಬಿ, ದಂಡೆಯಲ್ಲಿ ಮುಳುಗಲಿರುವ ಮಾಲಿಗಳ ಹನ್ನೊಂದು ಮನೆಗಳನ್ನು ಇಲ್ಲಿಗೇ ತರುವುದೆಂದು ತೀರ್ಮಾನವಾಗಿತ್ತು. ಅದರಲ್ಲಿ ಒಂದು ಅವಳ ಅಕ್ಕನ ಮನೆ.

ಒದ್ದೆ ಬೂಟಿನಲ್ಲೇ ಕಚೇರಿಗೆ ನುಗ್ಗಿದಳು.

"ಸರ್, ಅದು ನೆಲ ಅಲ್ಲ, ಗಿಡ. ತಪ್ಪು ನಂದೇ, ಬರೆದು ಕೊಡ್ತೀನಿ."

ಮೇಲಧಿಕಾರಿ ನಿಧಾನವಾಗಿ ಕನ್ನಡಕ ಒರೆಸಿದ. "ಹನ್ನೊಂದೂ ಮನೆಯವರ ಸಹಿ ಆಗಿದೆಯಮ್ಮ. ಒಂದಡಿ ಮಣ್ಣು ಹಾಕಿಸೋಣ ಬಿಡಿ."

"ಆರಡಿ ಬೇಕು."

"ಹಾಗಾದ್ರೆ ನೀವು ನೋಡೇ ಇಲ್ಲ ಅಂದ್ಕೊಳ್ಳಿ."

ಕೈಗೆ ಸಿಕ್ಕಿದ ಫೈಲನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. "ಮಳೆಗಾಲದಲ್ಲಿ ನೀವೇ ಬಂದು ಅಲ್ಲಿ ಮಲಗಿ" ಎಂದು ಬಾಗಿಲು ಬಡಿದು ಹೊರಬಂದಳು.

ಉದ್ಯಾನದಲ್ಲಿ ಅಕ್ಕ ಗಿಡ ಸವರುತ್ತಿದ್ದಳು. ತಂಗಿ ಹೇಳಿದ್ದನ್ನೆಲ್ಲ ಕೇಳಿ ಕತ್ತರಿ ಕೆಳಗಿಟ್ಟಳು.

"ತಗ್ಗು ಅಂತ ನಂಗೆ ಗೊತ್ತಿರಲಿಲ್ವೇನೇ? ಹತ್ತು ವರ್ಷ ಆ ಕೆಸರಲ್ಲೇ ನಿಂತು ಕಳೆ ಕಿತ್ತಿದೀನಿ."

"ಮತ್ಯಾಕೆ ಸುಮ್ನಿದ್ದೆ?"

"ನಕ್ಷೆ ನಿಂದು ಅಂತ. ಓದಿದವಳು ಬರೆದದ್ದು ಸುಳ್ಳಾಗುತ್ತಾ, ನನ್ನ ಲೆಕ್ಕವೇ ತಪ್ಪಿರಬೇಕು ಅಂದ್ಕೊಂಡೆ." ಅಕ್ಕನ ದನಿ ಸಿಟ್ಟಿನಿಂದ ಏರಿತು. "ಅನುಮಾನ ಪಟ್ಟವರಿಗೆಲ್ಲ, ನಮ್ಮ ತಂಗಿ ಮಾಡಿದ್ದು, ಕಣ್ಣು ಮುಚ್ಚಿ ಸಹಿ ಹಾಕಿ ಅಂತ ಹಾಕಿಸಿದವಳು ನಾನು. ಈಗ ಅಳಬೇಡ. ನಡಿ, ಒಂದೊಂದೇ ಬಾಗಿಲು ತಟ್ಟಿ ನೀನೇ ಹೇಳು."

ಮೇಲಧಿಕಾರಿಯ ಮುಂದೆ ಅಷ್ಟು ಆರ್ಭಟಿಸಿದವಳು ಅಕ್ಕನ ಹಿಂದೆ ತಲೆ ತಗ್ಗಿಸಿ ನಡೆದಳು.

ಮೊದಲ ಮನೆಯ ಮುದುಕ ಬಾಗಿಲು ತೆರೆದು, ಅವಳ ಗುರುತು ಹಿಡಿದು, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವಸರದಿಂದ ಎಳೆದು ಹಾಕಿದ.

"ಬಾಮ್ಮ, ಕೂತ್ಕೋ. ನಿನ್ನಿಂದ ನಾವು ಬದುಕಿಕೊಂಡ್ವಿ" ಎಂದ.