ಅಕ್ಕನ ಮೈಯಲ್ಲಿ ತಮ್ಮನ ರಕ್ತ

ಸ್ಪ್ಯಾನರ್ ಜಾರಿ ಬೆರಳಿಗೆ ಬಡಿದರೂ ತಮ್ಮ ವ್ಯಾನಿನ ಅಡಿಯಿಂದ ಹೊರಗೆ ಬರಲಿಲ್ಲ. ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಬೆಳಗ್ಗೆಯಿಂದ ಇಡೀ ಬೀದಿಯೇ ಬಂದು ಮುಖ ನೋಡಿಕೊಂಡು ಹೋಗಿತ್ತು. ಒಡಹುಟ್ಟಿದವನೊಬ್ಬ ಮಾತ್ರ, ಅವಳು ಶಾಲೆಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನಿನ ಅಡಿ ತೂರಿಕೊಂಡು, ಚೆನ್ನಾಗಿಯೇ ಇದ್ದ ಬ್ರೇಕನ್ನು ರಿಪೇರಿ ಮಾಡುತ್ತಿದ್ದ.

"ನಮ್ಮ ಹುಡುಗಿ ಸೀಟ್ ಮೇಲೆಲ್ಲ ವಾಂತಿ ಮಾಡ್ಕೊಂಡ್ರೂ ವ್ಯಾನಕ್ಕ ಒಂದಿನ ಗದರಿದವರಲ್ಲ," ಎಂದು ಯಾರೋ ತಾಯಿ ಕಣ್ಣೊರೆಸಿಕೊಳ್ಳುತ್ತಾ ಗೇಟು ದಾಟಿ ಹೋದಳು.

ಚಿಕ್ಕಮ್ಮ ಬಗ್ಗಿ ನೋಡಿದಳು. "ಏನೋ ಇದು? ಇವತ್ತೇ ಆಗಬೇಕಿತ್ತಾ ನಿನ್ನ ಗ್ಯಾರೇಜು? ಒಳಗೆ ಬಾ. ಇನ್ನೇನು ಎತ್ತೋ ಹೊತ್ತಾಯ್ತು."

"ನೀವು ಹೋಗಿ ಚಿಕ್ಕಮ್ಮ, ಬರ್ತೀನಿ."

ಹೋಗಿ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಅಕ್ಕನನ್ನು ಕೊಂದವನು ತಾನೇ ಎಂದು ಅವನು ನಂಬಿಬಿಟ್ಟಿದ್ದ, ಪಾಪ.

*

ಅಕ್ಕನ ತೋಳಿನ ಮೇಲೆ ನೀಲಿ ಕಲೆಗಳೆದ್ದಾಗ ಎಲ್ಲರೂ ವ್ಯಾನಿನ ಬಾಗಿಲನ್ನು ಬೈದಿದ್ದರು. ಆಮೇಲೆ ಹಲ್ಲುಜ್ಜಿದರೆ ರಕ್ತ, ಮೆಟ್ಟಿಲು ಹತ್ತಿದರೆ ಏದುಸಿರು, ಬಿಟ್ಟೂಬಿಡದ ಜ್ವರ. ಪರೀಕ್ಷೆ ಮಾಡಿದ ಡಾಕ್ಟರು ರಕ್ತದ ಕ್ಯಾನ್ಸರ್ ಎಂದರು. "ಮೂಳೆಯೊಳಗೆ ರಕ್ತ ತಯಾರಾಗೋ ಜಾಗವೇ ಕೆಟ್ಟಿದೆ. ಔಷಧಿಯಿಂದ ಅದನ್ನ ತೊಳೆದು, ಹೊಂದೋರ ಒಳ್ಳೆ ಕಣ ಹಾಕಬೇಕು."

ಹೊಂದಿದ್ದು ತಮ್ಮನದು. ಒಂದು ಕೈಯಿಂದ ರಕ್ತ ಎಳೆದು, ಬೇಕಾದ ಕಣಗಳನ್ನಷ್ಟೇ ಇಟ್ಟುಕೊಂಡು, ಉಳಿದದ್ದನ್ನು ಇನ್ನೊಂದು ಕೈಗೆ ವಾಪಸ್ ಕೊಡುವ ಯಂತ್ರವನ್ನು ಮೆಕ್ಯಾನಿಕ್ ಆದ ಅವನು ಮಲಗಿದಲ್ಲಿಂದಲೇ ಮೆಚ್ಚಿದ್ದ.

ಕೆಲವು ತಿಂಗಳಲ್ಲಿ ಅಕ್ಕ ಚೇತರಿಸಿಕೊಂಡಳು. ಅವಳ ರಕ್ತದ ಗುಂಪೇ ಬದಲಾಗಿ ತಮ್ಮನ ಗುಂಪಾಗಿತ್ತು. ಅವಳಿಗೆ ಅಷ್ಟು ಸಾಕಾಯಿತು, ಫೋನ್ ಮಾಡಿ ಅವನನ್ನು ಗೋಳುಹೊಯ್ದುಕೊಳ್ಳತೊಡಗಿದಳು.

"ಲೋ, ನಿನ್ನೆ ಏನೋ ಖಾರ ತಿಂದೆ? ಇಲ್ಲಿ ನನ್ನ ಹೊಟ್ಟೆ ಉರೀತಿದೆ!"

"ಹೌದಾ ಅಕ್ಕ? ಇನ್ಮೇಲೆ ತಿನ್ನಲ್ಲ."

"ಇನ್ನು ನೀನು ಕುಡಿದ್ಯೋ, ನನ್ನ ರಕ್ತವೇ ಕೆಟ್ಟುಹೋಗುತ್ತೆ. ನಮ್ಮಿಬ್ಬರದೂ ಈಗ ಒಂದೇ ಕಣೋ."

ಯಾರು ಹೇಳಿದರೂ ಬಿಡದ ಕುಡಿತವನ್ನು ಅವನು ಅವತ್ತೇ ಬಿಟ್ಟ. ಒಮ್ಮೆ ಮಾತ್ರ, ಗೆಳೆಯನ ಮದುವೆಯಲ್ಲಿ, ಒತ್ತಾಯಕ್ಕೆ ಕಟ್ಟುಬಿದ್ದ. ಅದಾಗಿ ಸ್ವಲ್ಪ ದಿನಕ್ಕೇ ಅಕ್ಕನ ಕಾಯಿಲೆ ಮರುಕಳಿಸಿತು. ಮತ್ತೊಂದು ಸುತ್ತು ಔಷಧಿಯನ್ನು ಅವಳ ಮೈ ತಡೆಯುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದರು.

*

"ಈಚೆ ಬಾರೋ," ಎಂದು ಅಕ್ಕನ ಗಂಡ ಅವನ ಕಾಲು ಹಿಡಿದು ಎಳೆದ. "ವಾರ್ಡಿನ ಸಿಸ್ಟರ್ ಬಂದಿದ್ದಾರೆ, ನಿನ್ನೇ ಕೇಳ್ತಿದ್ದಾರೆ."

ನರ್ಸನ್ನು ಕಂಡದ್ದೇ ತಡ, ತಮ್ಮನಿಗೆ ಅಳು ಒತ್ತರಿಸಿ ಬಂತು. "ನಾನೇ ಕೆಡಿಸಿದೆ ಸಿಸ್ಟರ್. ಮದುವೇಲಿ ಕುಡಿದುಬಿಟ್ಟೆ. ಅದು ಅಕ್ಕನ ರಕ್ತಕ್ಕೆ ಹೋಯ್ತು."

ಅವನು ಹೇಳುತ್ತಿರುವುದೇನೆಂದು ಅರ್ಥವಾಗಲು ನರ್ಸ್‌ಗೆ ಸ್ವಲ್ಪ ಹೊತ್ತೇ ಹಿಡಿಯಿತು. ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

"ಯಾರಪ್ಪ ಹೇಳಿದ್ದು ನಿಮಗೆ? ಒಮ್ಮೆ ಕೊಟ್ಟ ಮೇಲೆ ಅವು ಅವರ ಕಣಗಳು. ನೀವು ಕುಡಿದರೆ ಹಾಳಾಗೋದು ನಿಮ್ಮ ಲಿವರ್ರು. ಅವರ ಹಳೇ ಕಾಯಿಲೆ ಎಲ್ಲೋ ಅಡಗಿ ಕೂತಿತ್ತು, ಎದ್ದು ಬಂತು. ಕೆಲವರಿಗೆ ಹಾಗಾಗುತ್ತೆ. ಯಾರ ತಪ್ಪೂ ಅಲ್ಲ."

"ಅಕ್ಕನೇ ಹೇಳಿದ್ಲು."

ಭಾವನಿಗೆ ಅಷ್ಟು ದುಃಖದಲ್ಲೂ ನಗು ತಡೆಯಲಾಗಲಿಲ್ಲ. "ಅಯ್ಯೋ ಪೆದ್ದೇ! ನಿನ್ನ ಕುಡಿತ ಬಿಡಿಸೋಕೆ ಹೂಡಿದ ಆಟ ಕಣೋ ಅದು. ಫೋನಿಟ್ಟು, 'ನೋಡ್ರೀ, ನಂಬಿಬಿಟ್ಟ' ಅಂತ ಬಿದ್ದು ಬಿದ್ದು ನಗೋಳು. ಕೊನೇವರೆಗೂ ಅದೇ ಚಿಂತೆ ಅವಳಿಗೆ. ನಾನು ಹೋದ್ಮೇಲೆ ಇವನು ಮತ್ತೆ ಶುರು ಮಾಡ್ತಾನೆ ಅಂತ."

ತಮ್ಮನಿಗೂ ನಗು ಬಂತು, ಅದರ ಬೆನ್ನಿಗೇ ಅಳು. ಈ ಸಲ ಅವನು ಅತ್ತದ್ದು ಅಕ್ಕ ಇಲ್ಲವಲ್ಲ ಎಂದಷ್ಟೇ. ಅತ್ತು ಮುಗಿಸಿ, ಗ್ರೀಸ್ ಮೆತ್ತಿದ ಕೈ ತೊಳೆದುಕೊಂಡು ಒಳಗೆ ಹೋದ.

ಚಿಕ್ಕಮ್ಮ ಅಕ್ಕನ ತಲೆಗೆ ಸುತ್ತಿದ್ದ ಬಟ್ಟೆಯನ್ನು ಸರಿಸಿದಳು. ಔಷಧಿಗೆ ಉದುರಿಹೋಗಿ ಮತ್ತೆ ಬೆಳೆದ ಕೂದಲು. ಹುಟ್ಟಿದಾಗಿನಿಂದ ನೆಟ್ಟಗೆ ಇಳಿಬೀಳುತ್ತಿದ್ದ ಅಕ್ಕನ ಕೂದಲು ಈಗ ತಲೆತುಂಬ ಪುಟ್ಟ ಪುಟ್ಟ ಗುಂಗುರು, ಥೇಟ್ ತಮ್ಮನ ಕೂದಲಿನ ಹಾಗೆ. ತಮ್ಮ ಬಗ್ಗಿ ಅವಳ ಹಣೆಗೆ ಹಣೆ ಒತ್ತಿ ಹಾಗೇ ಉಳಿದ. ಹತ್ತಿರ ಹತ್ತಿರ ಇದ್ದ ಆ ಎರಡು ಗುಂಗುರು ತಲೆಗಳಲ್ಲಿ ಅಕ್ಕನ ಕೂದಲು ಎಲ್ಲಿ ಮುಗಿಯಿತು, ತಮ್ಮನದು ಎಲ್ಲಿ ಶುರುವಾಯಿತು ಎಂದು ಹೊಸ್ತಿಲಲ್ಲಿ ನಿಂತ ಭಾವನಿಗೆ ಗೊತ್ತಾಗಲಿಲ್ಲ.