ಬಲಮಗ್ಗುಲು

ಮೇಜಿನ ಮೇಲೆ ತಿರುಗಿಸುತ್ತಿರುವ ಭೂಮಿಯ ಗೋಲ ಕಿರುಗುಟ್ಟುತ್ತಿದೆ, ಅದಕ್ಕೆ ಎಣ್ಣೆ ಬಿಟ್ಟು ಯಾವ ಕಾಲವಾಯಿತೋ, ಭೂಮಿಗೆ ಒಂದು ಸುತ್ತಿಗೆ ಒಂದು ದಿನ ಮಕ್ಕಳೇ, ಅಷ್ಟು ದೊಡ್ಡ ಗುರುಗ್ರಹಕ್ಕೆ ಹತ್ತು ಗಂಟೆಯೂ ಬೇಡ, ಚಂದ್ರನಿಗೆ ಇಪ್ಪತ್ತೇಳು ದಿನ — ಹುಡುಗಿಯರು ಬರೆದುಕೊಳ್ಳುತ್ತಿದ್ದಾರೆ, ನನ್ನ ಬಾಯಿ ದಾವಣಗೆರೆಯ ಈ ಕ್ಲಾಸಿನಲ್ಲಿದೆ, ಜೀವವೆಲ್ಲ ಹರಿಹರದ ನಡುಮನೆಯಲ್ಲಿ, ನಮ್ಮ ಯಜಮಾನರ ಹಾಸಿಗೆಯ ಹತ್ತಿರ. ಟೀಚರ್, ಶುಕ್ರಗೆ ಎಷ್ಟು ದಿನಾ ರೀ? ಮೊದಲ ಬೆಂಚಿನ ಕೊಟ್ರವ್ವ, ಸುಮ್ಮನೆ ಕೂರುವವಳಲ್ಲ. ಯಾರಿಗೂ ಗೊತ್ತಿಲ್ಲಮ್ಮ, ಮೋಡ ಮುಚ್ಚಿಕೊಂಡಿದೆ. ಹಂಗಾರ ಬುಧಗೆ? ಬುಧನಿಗೆ ಎಂಬತ್ತೆಂಟು, ಸೂರ್ಯನನ್ನು ಸುತ್ತುವುದಕ್ಕೂ ಅಷ್ಟೇ ದಿನ, ಹಾಗಾಗಿ ಸದಾ ಒಂದೇ ಮಗ್ಗುಲು ಸೂರ್ಯನ ಕಡೆಗೆ, ಐವತ್ತೊಂಬತ್ತನೇ ಇಸವಿಯ ಈ ಪುಸ್ತಕದಲ್ಲಿ ಹಾಗಿದೆ, ಆ ಮಗ್ಗುಲು ಸುಟ್ಟು — ಮೂಗಿಗೆ ಸೆರಗು ಹಿಡಿದೆ, ಸೀಮೆಸುಣ್ಣದ ಧೂಳು ಅಂದೆ.

ಧೂಳಲ್ಲ, ಬೆಳಿಗ್ಗೆ ಕಾಂಪೌಂಡರ್ ಬಕ್ಕೇಶಪ್ಪ ಇವರ ಪಂಚೆ ಸರಿಸಿದಾಗ ಬಂದ ವಾಸನೆ, ಇನ್ನೂ ಮೂಗಿನಲ್ಲೇ ಇದೆ. ದೀಪಾವಳಿಗೆ ಲಕ್ವ ಹೊಡೆದು ಇವರ ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು, ಆ ಕಡೆ ನೋವೂ ತಿಳಿಯದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸ್ರಿ ಎಂದಿದ್ದರು ಡಾಕ್ಟರು, ರಾತ್ರಿ ನಾನು, ಹಗಲು ಅತ್ತೆ, ಆಗಲಿ ತಾಯೀ ಅಂದಿದ್ದರು ಅತ್ತೆ. ಕೆಂಪಾಗಿದೆ ಎಂದು ಬುಡ್ಡಿ ಬೆಳಕಿನಲ್ಲಿ ಅರಿಶಿನ ಹಚ್ಚುತ್ತಿದ್ದೆ, ರಷ್ಯಾದವರು ಯಾರಿಗೂ ಕಾಣದ ಚಂದ್ರನ ಬೆನ್ನಿನ ಫೋಟೊ ತೆಗೆದರಂತೆ, ಪೇಪರಿನಲ್ಲಿ ಬಂದಿತ್ತು, ನನ್ನ ಕಣ್ಣಿಗೆ ಏನಾಗಿತ್ತು — ಬಲಸೊಂಟದ ಮೇಲೆ ತೂತು, ಒಳಗೆ ಬಿಳಿ ಎಲುಬು. ನಂಜು ಏರೈತೆ ಅಕ್ಕಾರೆ, ಹಗಲೆಲ್ಲ ಒಂದೇ ಕಡೆ ಮಲಗ್ಸಿದ್ರೇನ್ರಿ? ಅಂದ ಬಕ್ಕೇಶಪ್ಪ. ಅತ್ತೆಗೆ ಹೇಳಿಕೊಳ್ಳಲು ಎಷ್ಟು ಹೆಮ್ಮೆ, ಹೂನಪ್ಪಾ, ಇಕಿ ಸಾಲಿಗೆ ಹೋದ ಕೂಡ್ಲೆ ಬಲಕ್ಕೆ ಹೊಳ್ಳಿಸ್ತೀನಿ, ಬಲಮಗ್ಗಲು ಒಳ್ಳೇದು, ಕಣ್ಣು ಬಿಟ್ರೆ ಎದುರಿಗೆ ದೇವರ ಗೂಡು ಕಾಣ್ತೈತೆ, ನನ್ನ ಮಗನ್ನ ಒಂದು ಗಳಿಗೇನೂ ದೇವರ ಕಣ್ಣು ತಪ್ಪಿಸಿಲ್ಲ. ಬಕ್ಕೇಶಪ್ಪ ಗಾಯಕ್ಕೆ ಪಟ್ಟಿ ಕಟ್ಟಿದ. ಆಮೇಲೆ ಅಂಗಳಕ್ಕೆ ಬಂದು ನನಗಷ್ಟೇ ಕೇಳುವಂತೆ ಮೆಲ್ಲಗೆ, ಇನ್ನೊಂದಿನ ಅದರ ಮ್ಯಾಲೆ ಭಾರ ಬಿದ್ರೆ ಜೀವಕ್ಕೆ ಗ್ಯಾರಂಟಿ ಇಲ್ರೀ.

ಹೇಳಬೇಕಿತ್ತು. ನಿಮ್ಮ ಕೈಯಿಂದಲೇ ಆದದ್ದು ಇದು ಎಂದು ಹೆತ್ತವಳಿಗೆ ಯಾವ ಬಾಯಲ್ಲಿ ಹೇಳಲಿ, ರಜೆಯೆಲ್ಲ ಮುಗಿದಿದೆ, ರೈಲಿಗೆ ಹೊತ್ತಾಗಿದೆ, ಇವತ್ತು ಎಡಕ್ಕೇ ಇರಲಿ ಅತ್ತೆ ಎಂದಷ್ಟೇ ಅಂದು ಚಪ್ಪಲಿ ಮೆಟ್ಟಿದೆ, ಆಗಲಿ ತಾಯೀ ಅಂದರು, ಅದೇ ದನಿಯಲ್ಲಿ. ಅವರ ಮೇಲೆ ಸಿಟ್ಟೂ ಬರುವುದಿಲ್ಲ, ಬಂದಿದ್ದರೆ ಹೇಳಿಬಿಡುತ್ತಿದ್ದೆ. ಈಗ ಮಧ್ಯಾಹ್ನ, ದೀಪ ಹಚ್ಚಿರುತ್ತಾರೆ, ಮಗನಿಗೆ ಜಾಸ್ತಿಯಾಗಿದೆ, ದೇವರು ನೋಡಬೇಕಾದದ್ದು ಇವತ್ತೇ ಎಂದುಕೊಂಡಿರುತ್ತಾರೆ, ಟೀಚರ್, ಮುಂದಕ್ಕೆ ಹೇಳ್ರಿ, ಶನಿಗೆ ಎಷ್ಟು — ಅತ್ತೆಯ ಬಳೆಯಿಲ್ಲದ ಎರಡು ಕೈ ಇವರ ಬೆನ್ನಿನ ಕೆಳಗೆ ಹೋಗುತ್ತಿವೆ, ಶನಿಗೆ, ಶನಿಗೆ — ಹೊಳ್ಳಪ್ಪಾ, ದೇವರನ್ನ ನೋಡು, ಮೆಲ್ಲಗೆ, ನೋವಾಗದ ಹಾಗೆ, ಆ ಎರಡು ಕೈ, ಬಲಕ್ಕೆ, ಆ ಎರಡು ಕೈ —